ಗುಂಡಿ ಕಂಪನಿಯ ಬಂಡವಾಳ

ಸರಿಸರಿ ಎಂಬವನು ಗುಂಡಿ ಕಂಪನಿಯ ನಿರ್ದೇಶಕನಾದದ್ದು ಒಂದು ಮಾತು ಸರಿಯಾಗಿ ಕೇಳಿಸದೆ ಇದ್ದುದರಿಂದ.

ಕಿವಿಯಲ್ಲೇನೂ ದೋಷವಿರಲಿಲ್ಲ. ದೋಷವಿದ್ದದ್ದು ತೂತು ಕೊರೆಯುವ ಯಂತ್ರದಲ್ಲಿ. ಅಂಗಿಯ ಗುಂಡಿಗಳಿಗೆ ಎರಡೆರಡು ತೂತು ಕೊರೆಯುವಾಗ ಅದು ಮಾಡುತ್ತಿದ್ದ ಸದ್ದಿಗೆ, ಗೋಡೆಯಾಚೆಯ ಪ್ಯಾಕಿಂಗ್ ವಿಭಾಗದಲ್ಲಿ ಯಾರ ಮಾತೂ ಯಾರಿಗೂ ತಲುಪುತ್ತಿರಲಿಲ್ಲ. ಯಾರು ಏನು ಕೇಳಿದರೂ "ಸರಿ ಸರಿ" ಅಂದುಬಿಡುವುದೇ ಕ್ಷೇಮವೆಂದು ಅವನು ಕೆಲಸಕ್ಕೆ ಸೇರಿದ ಹೊಸದರಲ್ಲೇ ಕಂಡುಕೊಂಡಿದ್ದ. ಅದರಿಂದ ಅವನಿಗೆ ಆ ಹೆಸರು ಬಂತು, ಯಾರ ಹಗೆಯೂ ಇಲ್ಲದ ಬದುಕು ಬಂತು, ಕಾಲಕ್ರಮದಲ್ಲಿ ಪ್ಯಾಕಿಂಗ್ ವಿಭಾಗದ ಮುಖ್ಯಸ್ಥನ ಸ್ಥಾನವೂ ಬಂತು. ಸ್ಥಾನ ಅಂದರೆ ಕಿಟಕಿಯ ಪಕ್ಕದ ಒಂದು ದೊಡ್ಡ ರಟ್ಟಿನ ಪೆಟ್ಟಿಗೆ. ಅದರ ಮೇಲೆ ಹೆಂಡತಿ ಹೊಲಿದುಕೊಟ್ಟ ಮೆತ್ತೆ ಹಾಸಿಕೊಂಡು ಅವನು ಕೂರುತ್ತಿದ್ದ.

ಕಂಪನಿಯ ಹಳೆಯ ಯಜಮಾನರು ಸಾಯುವ ಮುಂಚೆ ಕೆಲಸಗಾರರಿಗೂ ಒಂದಿಷ್ಟು ಷೇರು ಹಂಚಿ, ಆಡಳಿತ ಮಂಡಳಿಯಲ್ಲಿ ಅವರ ಪರವಾಗಿ ಒಂದು ಕುರ್ಚಿ ಮೀಸಲಿಟ್ಟು ಹೋಗಿದ್ದರು. ಆ ಕುರ್ಚಿ ಖಾಲಿಯಾದಾಗ ಪ್ಯಾಕಿಂಗಿನ ಹಿರಿಯಕ್ಕ ಸರಿಸರಿಯ ಹತ್ತಿರ ಬಂದು, "ಅಣ್ಣ, ನೀವು ನಿಂತ್ಕೋತೀರಾ?" ಎಂದು ಕೂಗಿದಳು. ಪಾಪ, ಕಾಲು ನೋವಿರಬೇಕು, ಕೂರುವುದಕ್ಕೆ ಜಾಗ ಕೇಳುತ್ತಿದ್ದಾಳೆ ಎಂದುಕೊಂಡ ಸರಿಸರಿ "ಸರಿ ಸರಿ" ಎಂದು ಪೆಟ್ಟಿಗೆಯಿಂದ ಎದ್ದು ನಿಂತ. ಎಲ್ಲರೂ ಚಪ್ಪಾಳೆ ತಟ್ಟಿದರು. ಎದುರಾಳಿ ಯಾರೂ ಇರಲಿಲ್ಲ.

ಮೊದಲ ಸಭೆಗೆ ಮಹಡಿ ಹತ್ತುತ್ತಿದ್ದವನನ್ನು ಹಿರಿಯಕ್ಕ ಮೆಟ್ಟಿಲಲ್ಲೇ ತಡೆದಳು. ಅಲ್ಲಿ ಸದ್ದು ಕಡಿಮೆ, ಹಾಗಾಗಿ ಈ ಸಲ ಮಾತು ಪೂರ್ತಿ ಕೇಳಿಸಿತು.

"ನೋಡಣ್ಣ, ಅಧ್ಯಕ್ಷರು ಹೊಸ ಯಂತ್ರ ತರ್ತಾರಂತೆ, ನಾಲ್ಕು ತೂತಿಂದು. ಹಿಂದಿನ ಬೀದಿ ಬಕೆಟ್ ಫ್ಯಾಕ್ಟರಿಗೂ ಹೀಗೇ ದೊಡ್ಡ ಯಂತ್ರ ಬಂತು. ಟೇಪ್ ಕತ್ತರಿಸಿದ್ರು, ಫೋಟೋ ಹೊಡೆಸ್ಕೊಂಡ್ರು. ಆಮೇಲೆ ನೋಡಿದ್ರೆ ಬಾಗಿಲಿಗೆ ಬೀಗ. ಯಂತ್ರ ಒಳಗೇ ಇದೆ, ಜನ ಹೊರಗಿದಾರೆ. ಯಾಕೆ ಹಾಗಾಯ್ತು ಅಂತ ಇವತ್ತಿಗೂ ಅವರಿಗೆ ಗೊತ್ತಿಲ್ಲ. ನೀವು ಅಲ್ಲಿ ಹೋಗಿ ಸರಿ ಸರಿ ಅಂದು ಇಳಿದು ಬಂದ್ರೆ, ಇಲ್ಲಿ ನಮ್ಮ ಗತಿ ಸರಿ ಇರಲ್ಲ. ಅರ್ಥ ಮಾಡ್ಕೊಂಡು ಕೈ ಎತ್ತಿ."

"ಸರಿ ಸರಿ" ಅಂದ ಸರಿಸರಿ. ಆದರೆ ಮೆಟ್ಟಿಲು ಹತ್ತುತ್ತ, ತಾನು ಈ ಮಾತನ್ನು ನಿಜವಾಗಿಯೇ ಕೊಟ್ಟುಬಿಟ್ಟಿದ್ದೇನೆ ಎಂದು ಗೊತ್ತಾಗಿ ಒಂದು ಮೆಟ್ಟಿಲು ಹಿಂದಕ್ಕಿಳಿದು, ಮತ್ತೆ ಹತ್ತಿದ.

ಮಂಡಳಿಯಲ್ಲಿ ಐದು ಜನ. ಅಧ್ಯಕ್ಷರೆಂದರೆ ಹಳೆಯ ಯಜಮಾನರ ಮಗ. ಅವರ ಪಕ್ಕದಲ್ಲಿ ಅವರ ಅಳಿಯ. ಮಾವ ಕೈ ಎತ್ತಿದಾಗ ತಾನೂ ಎತ್ತುವುದು ಅವನ ಉದ್ಯೋಗ. ಎದುರಿಗೆ ಅಧ್ಯಕ್ಷರ ಅಕ್ಕ. ತಮ್ಮ ಬೇಕೆಂದದ್ದನ್ನು ಬೇಡವೆನ್ನುವುದು ಆಟದ ಸಾಮಾನಿನ ಕಾಲದಿಂದಲೂ ಅವರ ಅಭ್ಯಾಸ. ಅಕ್ಕನ ಪಕ್ಕದಲ್ಲಿ ಅವರ ವಕೀಲರು. ಐದನೆಯವನು ಸರಿಸರಿ, ಅಂಗಿಯ ಗುಂಡಿಗಳನ್ನು ಒಂದೊಂದು ಮನೆ ತಪ್ಪಿಸಿ ಹಾಕಿಕೊಂಡು ಬಂದವನು. ಗುಂಡಿ ಕಂಪನಿಯಲ್ಲಿ ಜೀವ ಸವೆಸಿದರೂ ಅವನಿಗೆ ಅಂಗಿಯ ಗುಂಡಿ ಸರಿಯಾಗಿ ಹಾಕಿಕೊಳ್ಳುವುದು ಇನ್ನೂ ಕೈಗೂಡಿರಲಿಲ್ಲ.

ಲೆಕ್ಕದವರು ಎಲ್ಲರ ಮುಂದೆ ಒಂದೊಂದು ಕಾಗದ ಇಟ್ಟರು. ಅವರು ಬಹಳ ಮೆತ್ತಗೆ ಮಾತಾಡುವ ಮನುಷ್ಯ. ಅಂಕಿಗಳು ಬೆಚ್ಚಿಬಿದ್ದಾವು ಎಂಬ ಭಯವಿದ್ದವರ ಹಾಗೆ. "ಅಢಾವೆ ಪತ್ರಿಕೆ" ಅಂದರು. ಯಾರೂ ಮಿಸುಕದಿದ್ದಾಗ, "ಬ್ಯಾಲೆನ್ಸ್ ಶೀಟು" ಅಂದರು.

"ನೋಡಿ, ಬ್ಯಾಂಕಲ್ಲಿ ದುಡ್ಡು ಸುಮ್ನೆ ಕೂತಿದೆ" ಎಂದು ಅಧ್ಯಕ್ಷರು ಶುರುಮಾಡಿದರು. "ಯಂತ್ರಕ್ಕೆ ಹಾಕೋಣ. ಈಗೆಲ್ಲ ನಾಲ್ಕು ತೂತಿನ ಕಾಲ."

"ಇರೋ ಎರಡು ತೂತಲ್ಲೇ ಎಲ್ಲಾ ಸೋರಿ ಹೋಗ್ತಿದೆ" ಅಂದರು ಅಕ್ಕ. "ಇನ್ನೆರಡು ಬೇರೆ ಬೇಕಾ ನಿಂಗೆ?"

ಆ ಕಡೆ ಎರಡು ಕೈ, ಈ ಕಡೆ ಎರಡು ಕೈ. ಎಲ್ಲರೂ ಸರಿಸರಿಯ ಕಡೆ ತಿರುಗಿದರು. ನಾಲಿಗೆಯ ತುದಿಗೆ "ಸರಿ ಸರಿ" ಬಂದೇಬಿಟ್ಟಿತ್ತು. ಅಷ್ಟರಲ್ಲಿ ಮೆಟ್ಟಿಲ ಮೇಲಿನ ಹಿರಿಯಕ್ಕನ ಮುಖ ನೆನಪಾಯಿತು. ಓದುತ್ತಿರುವವನ ಹಾಗೆ ಕಾಗದವನ್ನು ಎತ್ತಿ ಹಿಡಿದ. ಎಡಗಡೆ ಒಂದಷ್ಟು ಸಾಲು, ಬಲಗಡೆ ಒಂದಷ್ಟು ಸಾಲು. ಒಂದೂ ತಲೆಗೆ ಹೋಗಲಿಲ್ಲ. ತಿಳಿದದ್ದು ಒಂದೇ: ಎರಡೂ ಕಡೆ ಕೆಳಗೆ ಬರೆದಿದ್ದ ಮೊತ್ತ. ಏನೂ ಹೇಳದೆ ಇರುವುದು ನಿರ್ದೇಶಕನಿಗೆ ಶೋಭೆಯಲ್ಲವೆಂದು ಅವನು ಗಂಟಲು ಸರಿಮಾಡಿಕೊಂಡ.

"ಅಲ್ಲಾ... ಎರಡೂ ಕಡೆ ಒಂದೇ ಬಂದಿದೆಯಲ್ಲ!"

ಲೆಕ್ಕದವರ ಪೆನ್ಸಿಲ್ ಕೆಳಗೆ ಬಿತ್ತು.

"ಒಂದೇ... ಬರ್ಬೇಕಲ್ವಾ ಸಾರ್?"

"ಬಿಡಿಗಾಸೂ ಹೆಚ್ಚು ಕಮ್ಮಿ ಇಲ್ದೆ?" ಸರಿಸರಿಗೆ ನಿಜಕ್ಕೂ ಸೋಜಿಗವಾಗಿತ್ತು. ಅವನ ಅನುಭವದಲ್ಲಿ ಬೆಳಿಗ್ಗೆ ಎಣಿಸಿದ ಪೆಟ್ಟಿಗೆಗಳೂ ಸಂಜೆ ಎಣಿಸಿದ ಪೆಟ್ಟಿಗೆಗಳೂ ಒಂದು ದಿನವೂ ತಾಳೆಯಾದದ್ದಿಲ್ಲ. "ಅದು ಹೇಗ್ರೀ ಸಾಧ್ಯ?"

ಅಧ್ಯಕ್ಷರು ವರ್ಷವರ್ಷವೂ ಲೆಕ್ಕದವರು ಪೆನ್ಸಿಲಿನಲ್ಲಿ ಗುರುತು ಮಾಡಿಟ್ಟ ಜಾಗದಲ್ಲಿ ಸಹಿ ಹಾಕಿದವರೇ ಹೊರತು, ಗುರುತಿನ ಮೇಲ್ಗಡೆ ಏನಿದೆಯೆಂದು ಕಣ್ಣು ಹಾಯಿಸಿದವರಲ್ಲ. ಪ್ಯಾಕಿಂಗಿನ ಈ ಮನುಷ್ಯ ಬಂದ ಮೊದಲ ದಿನವೇ ಏನನ್ನೋ ಹಿಡಿದುಬಿಟ್ಟಿದ್ದಾನೆ! ಅಕ್ಕನ ಕಣ್ಣು ಹೊಳೆಯಿತು.

"ನಾನು ಅವತ್ತೇ ಹೇಳಿದ್ದೆ" ಅಂದರು ಅಕ್ಕ. ಯಾವತ್ತು ಏನು ಹೇಳಿದ್ದರೆಂದು ಯಾರೂ ಕೇಳಲಿಲ್ಲ.

ಸರಿಸರಿ ಪೂರ್ತಿ ಪರಿಶೀಲಿಸಿ ತನ್ನ ಅಭಿಪ್ರಾಯ ಹೇಳಬೇಕು, ಮುಂದಿನ ವಾರ ಮತ್ತೆ ಸೇರುವುದು ಎಂದು ನಿರ್ಣಯವಾಯಿತು. ಬಾಗಿಲಲ್ಲಿ ಅಧ್ಯಕ್ಷರು ಅವನ ಕೈ ಕುಲುಕಿದರು.

ಸರಿಸರಿಯ ಮನೆಯಲ್ಲಿ ವ್ಯವಹಾರ ಬಲ್ಲವನೆಂದರೆ ಹೆಂಡತಿಯ ತಮ್ಮ. ಅವನು ಆರಂಭಿಸಿದ ವ್ಯಾಪಾರಗಳೆಲ್ಲ ಒಂದೊಂದಾಗಿ ಮುಳುಗಿದ್ದರಿಂದ ಅವನಲ್ಲಿ ಅನುಭವ ಬಹಳವಿತ್ತು, ಬಿಡುವೂ ಬಹಳವಿತ್ತು. ಸದ್ಯಕ್ಕೆ ಸರಿಸರಿಯ ಮನೆಯ ಹಜಾರದಲ್ಲಿ, ಸೋಫಾದ ಮೇಲೆ ಬೀಡುಬಿಟ್ಟಿದ್ದ. ಸರಿಸರಿ ಕಾಗದವನ್ನು ಅವನ ಹೊಟ್ಟೆಯ ಮೇಲಿಟ್ಟ.

"ಇದೆಲ್ಲಾ ಸುಲಭ ಭಾವ" ಎಂದು ಭಾವಮೈದ ಮಲಗಿದ್ದಲ್ಲಿಂದಲೇ ಅಂದ. "ಬ್ಯಾಲೆನ್ಸ್ ಅಂದ್ರೇನು? ಅಂಗಡಿಗೆ ಹೋಗ್ತೀರ, ದೊಡ್ಡ ನೋಟು ಕೊಡ್ತೀರ, ಸಾಮಾನಿನ ದುಡ್ಡು ಹಿಡ್ಕೊಂಡು ಅವನು ವಾಪಸ್ ಏನು ಕೊಡ್ತಾನೆ?"

"ಬ್ಯಾಲೆನ್ಸು."

"ಹಾಂ. ಉಳಿದಿದ್ದು ಅಂತ. ಈಗ ಈ ಕಡೆ ಕಂಪನಿ ಹತ್ರ ಇರೋದು, ಆ ಕಡೆ ಕಂಪನಿ ಕೊಡ್ಬೇಕಾಗಿರೋದು. ಇದರಲ್ಲಿ ಅದನ್ನ ಕಳೀರಿ. ಏನುಳೀತು?"

ಸರಿಸರಿ ಕಳೆದ. ಮತ್ತೊಮ್ಮೆ ಕಳೆದ. "ಏನೂ ಇಲ್ಲ."

"ಅದೇ ನಿಮ್ಮ ಕಂಪನಿ" ಎಂದು ಭಾವಮೈದ ಕಾಗದವನ್ನು ಹಿಂದಕ್ಕೆ ಕೊಟ್ಟ. ಆಮೇಲೆ ಏನೋ ಕಂಡವನ ಹಾಗೆ ಮತ್ತೆ ಕಿತ್ತುಕೊಂಡು ಎದ್ದು ಕುಳಿತ. ಅವನು ಎದ್ದು ಕೂತದ್ದನ್ನು ನೋಡಿಯೇ ಅವನ ಅಕ್ಕ ಗಾಬರಿಯಿಂದ ಅಡುಗೆಮನೆಯಿಂದ ಓಡಿಬಂದಳು. "ಭಾವ! ಇಲ್ನೋಡಿ, 'ಷೇರು ಬಂಡವಾಳ'. ಯಾವ ಕಡೆ ಇದೆ? ಕೊಡಬೇಕಾದ್ದರ ಕಡೆ! ಅಂದ್ರೆ ಇವರು ಬಂಡವಾಳಾನೂ ಸಾಲ ಮಾಡಿದಾರೆ. ಕಂಪನಿ ಹತ್ರ ಬಂಡವಾಳಾನೇ ಇಲ್ಲ!"

"ರೀ, ನಮ್ಮ ಷೇರು?" ಅಂದಳು ಹೆಂಡತಿ.

"ಅದರಲ್ಲೇ ಇದೆ" ಅಂದ ಸರಿಸರಿ.

"ಯಾವುದರಲ್ಲಿ? ಇಲ್ದೇ ಇರೋದರಲ್ಲಾ?"

ಸರಿಸರಿ ಕಾಗದ ಮಡಿಸಿ ಜೇಬಿಗಿಟ್ಟುಕೊಂಡ. ಸಾಮಾನ್ಯವಾಗಿ ಇಂಥ ಹೊತ್ತಿನಲ್ಲಿ ಅವನು ಊಟ ಮಾಡಿ ಮಲಗಿಬಿಡುತ್ತಿದ್ದ. ಈಗ ಊಟದ ತಟ್ಟೆಯ ಮುಂದೆ ಕೂತು, "ಬಂಡವಾಳ ಎಲ್ಲಿದೆ ಅಂತ ನೋಡೇ ಬಿಡ್ತೀನಿ" ಅಂದ. ಹಾಗೆ ಅವನು ಈ ಮೊದಲು ಯಾವುದನ್ನೂ ನೋಡಿಬಿಟ್ಟಿರಲಿಲ್ಲವಾದ್ದರಿಂದ ಹೆಂಡತಿ ಸಾರಿಗೆ ಉಪ್ಪು ಹಾಕಿದ್ದೇನೋ ಇಲ್ಲವೋ ಎಂದು ಮತ್ತೊಮ್ಮೆ ರುಚಿ ನೋಡಿದಳು.

ಇಲ್ಲಿ ಭಾಷೆಯ ಬಗ್ಗೆ ಒಂದು ಮಾತು ಹೇಳಲೇಬೇಕು. ಬಂಡವಾಳ ಎನ್ನುವುದು ನಮ್ಮಲ್ಲಿ ನೆಟ್ಟಗೆ ಒಂದು ಕಡೆ ನಿಲ್ಲುವ ಪದವಲ್ಲ. ಹೂಡಿದರೆ ಅದು ಘನತೆ, ಬಯಲಾದರೆ ಅದೇ ಮಾನಹರಾಜು. ಮರುದಿನ ಭಾವಮೈದ ಕ್ಷೌರದಂಗಡಿಯಲ್ಲಿ ಮುಖಕ್ಕೆ ಸಾಬೂನು ಬಳಿಸಿಕೊಂಡು, "ನಮ್ಮ ಭಾವ ಗುಂಡಿ ಕಂಪನಿಯ ಬಂಡವಾಳ ಹುಡುಕ್ತಿದಾರೆ" ಎಂದಷ್ಟೇ ಹೇಳಿದ. ಅದು ಅಂಗಡಿಯ ಬಾಗಿಲು ದಾಟುವಾಗ "ಗುಂಡಿ ಕಂಪನಿಯ ಬಂಡವಾಳ ಬಯಲು ಮಾಡ್ತಾರಂತೆ" ಎಂದಾಯಿತು. ಬೀದಿಯ ತಿರುವಿನಲ್ಲಿ ಯಾರೋ "ಎಲ್ಲಿ ಮೋಸ ಆಗಿರೋದು?" ಎಂದು ಕೇಳಿದರು. "ಶೀಟಲ್ಲಂತೆ" ಎಂದು ಉತ್ತರ ಬಂತು.

ಸರಿಸರಿ ಕೆಲಸಕ್ಕೆ ಬಂದಾಗ ಗೇಟಿನ ಕಾವಲುಗಾರ ಎದ್ದು ನಿಂತು ಸಲಾಮು ಹೊಡೆದ. ಉಗ್ರಾಣದವರು ತಮ್ಮ ಮನೆಯಲ್ಲಿದ್ದ ಕಂಪನಿಯ ಟೇಬಲ್ ಫ್ಯಾನನ್ನು ಬಗಲಲ್ಲಿಟ್ಟುಕೊಂಡು ಬಂದು, "ರಿಪೇರಿಗೆ ಅಂತ ಒಯ್ದಿದ್ದೆ, ಅಷ್ಟೇ" ಎಂದು ಅವನ ಕಾಲಬುಡದಲ್ಲಿಟ್ಟು ಹೋದರು. ಫ್ಯಾನಿನ ಮೇಲೆ ಅವರ ಮನೆಯ ಮಗು ಬಣ್ಣದ ಚಿತ್ರಗಳನ್ನು ಅಂಟಿಸಿತ್ತು. ಅಧ್ಯಕ್ಷರು ಕರೆಸಿದರು. ಬಾಗಿಲು ಹಾಕಿಕೊಂಡು ಕೇಳಿದರು:

"ಏನ್ರೀ, ಬಂಡವಾಳ ಅಂತ ಏನೋ ಹುಡುಕ್ತಿದೀರಂತೆ. ನನ್ನ ಕಾರಿನ ವಿಷಯ ಅಲ್ಲ ತಾನೆ?"

"ಕಾರಿನ ವಿಷಯ ಏನ್ ಸಾರ್?"

"ಏನಿಲ್ಲ, ಏನಿಲ್ಲ. ಅದು ಕಂಪನಿ ಆಸ್ತಿಯಲ್ಲೇ ಇದೆ. ನಾನು ಬರೀ ಓಡಿಸ್ತೀನಿ."

ಕೆಳಗೆ ಇಳಿದರೆ ಲೆಕ್ಕದವರು ಅವನಿಗಾಗಿ ಕಾಯುತ್ತಿದ್ದರು. ಕಣ್ಣು ಕೆಂಪಾಗಿತ್ತು. ಅವರು ಸರಿಸರಿಯನ್ನು ಪೆಟ್ಟಿಗೆಗಳ ಮರೆಗೆ ಕರೆದುಕೊಂಡು ಹೋಗಿ, ಕಿವಿಯ ಹತ್ತಿರ ಬಾಯಿಟ್ಟು, ಈ ಸಲ ಎರಡು ಕಡೆಯೂ ಒಂದೇ ಬಂದಿರಲಿಲ್ಲವೆಂದೂ, ಒಂದು ಚಿಲ್ಲರೆ ಮೊತ್ತ ಎಷ್ಟು ಹುಡುಕಿದರೂ ಸಿಗದೆ ಅದನ್ನು "ಇತರೆ" ಎಂಬ ಸಾಲಿಗೆ ತುರುಕಿದ್ದಾಗಿಯೂ ಒಪ್ಪಿಕೊಂಡರು.

"ಅಷ್ಟು ಸಣ್ಣದು ನಿಮ್ಮ ಕಣ್ಣಿಗೆ ಹೇಗೆ ಬಿತ್ತು ಸಾರ್?"

ಸರಿಸರಿಗೆ ಈ ಮಾತಿನಲ್ಲಿ ಕೇಳಿಸಿದ್ದು ಅರ್ಧ. ಕೇಳಿಸಿದ ಅರ್ಧ ಅರ್ಥವಾಗಲಿಲ್ಲ. ಆದರೆ ಲೆಕ್ಕದವರ ಮುಖ ನೋಡಿ, ಈ ಮನುಷ್ಯನಿಗೆ ಮಾತ್ರ ಆ ಕಾಗದದ ಮರ್ಮ ಗೊತ್ತಿದೆ ಎಂಬುದು ಖಚಿತವಾಯಿತು.

"ನನ್ನ ಕಣ್ಣಿಗೆ ಏನೂ ಬಿದ್ದಿಲ್ಲ. ನನಗೆ ಇದರ ತಲೆಬುಡ ಗೊತ್ತಿಲ್ಲ. ನೀವೇ ಹೇಳಿಕೊಡ್ಬೇಕು" ಎಂದು ಕೂಗಿ ಹೇಳಿದ.

ಲೆಕ್ಕದವರು ನಂಬಲಿಲ್ಲ. ಇದು ಪರೀಕ್ಷೆ ಮಾಡುವ ಒಂದು ವಿಧಾನವೆಂದುಕೊಂಡು ಕೈಕಟ್ಟಿ ನಿಂತರು.

"ಇದರಲ್ಲಿ 'ದುಡಿಯುವ ಬಂಡವಾಳ' ಅಂತ ಇದೆಯಲ್ಲ, ಅದನ್ನ ತೋರಿಸಿ ಮೊದಲು. ಅದು ಎಲ್ಲಿ ದುಡಿಯುತ್ತೆ? ಯಾವ ಪಾಳಿ?"

ಅಷ್ಟರಲ್ಲಿ ಹಿಂದಿನ ಬಾಗಿಲಲ್ಲಿ ಗಲಾಟೆ ಕೇಳಿಸಿತು. ಗುಂಡಿ ಕತ್ತರಿಸುವ ಪ್ಲಾಸ್ಟಿಕ್ ಹಾಳೆಗಳನ್ನು ತಂದ ಲಾರಿ ನಿಂತಿತ್ತು. ಹಾಳೆ ಇಳಿಸಲು ಬಂದವರನ್ನು ವ್ಯಾಪಾರಿ ಎರಡೂ ಕೈ ಚಾಚಿ ತಡೆದಿದ್ದ. ಹಿಂದಿನ ಯಜಮಾನರ ಕಾಲದಿಂದ ಮಾಲು ಕೊಟ್ಟು, ಗುಂಡಿ ಮಾರಿದ ಮೇಲೆ ದುಡ್ಡು ತೆಗೆದುಕೊಂಡು ಹೋಗುತ್ತಿದ್ದವನು.

"ಶೀಟಲ್ಲಿ ಮೋಸ ಇದೆ ಅಂತ ಊರೆಲ್ಲ ಹೇಳಿಸ್ತಿದೀರಂತೆ? ನನ್ನ ಶೀಟಲ್ಲಿ? ಬಗ್ಗಿಸಿ ನೋಡ್ರೀ, ಮುರೀತಾ? ಇನ್ಮೇಲೆ ದುಡ್ಡು ಇಟ್ಟು ಮಾಲು ಇಳಿಸ್ಕೊಳ್ಳಿ. ಹಳೇದೂ ಸೇರಿಸಿ!"

"ಆ ಶೀಟಲ್ಲ ಕಣಯ್ಯ, ಬೇರೆ ಶೀಟು!" ಎಂದು ಸರಿಸರಿ ಕೂಗಿದ.

"ಬೇರೆಯವರ ಹತ್ರಾನೂ ತಗೋತಿದೀರಾ?" ಎಂದು ವ್ಯಾಪಾರಿ ಇನ್ನಷ್ಟು ಕೆರಳಿದ.

ಆ ಮಧ್ಯಾಹ್ನ ಕತ್ತರಿಸುವ ಯಂತ್ರ ನಿಂತಿತು. ಅದು ನಿಂತದ್ದರಿಂದ ಕೊರೆಯುವ ಯಂತ್ರ ನಿಂತಿತು. ಕಟ್ಟಡದಲ್ಲಿ ಇದ್ದಕ್ಕಿದ್ದಂತೆ ಎಲ್ಲರ ಮಾತೂ ಎಲ್ಲರಿಗೂ ಕೇಳಿಸತೊಡಗಿತು. ಜನ ಅಭ್ಯಾಸಬಲದಿಂದ ಕೂಗಿಕೊಂಡೇ ಮಾತಾಡಿ, ಮರುಕ್ಷಣ ನಾಚಿ ಸುಮ್ಮನಾದರು. ಹಿರಿಯಕ್ಕ ಸರಿಸರಿಯ ಕಡೆ ನೋಡಿದಳು. ಬಕೆಟ್ ಫ್ಯಾಕ್ಟರಿಯ ಬೀಗವೇ ಅವಳ ಮುಖದಲ್ಲಿ ನೇತಾಡುತ್ತಿತ್ತು.

ಲೆಕ್ಕದವರು ಬ್ಯಾಂಕಿಗೆ ಓಡಿದರು. ಸಂಜೆಯ ಹೊತ್ತಿಗೆ ವ್ಯಾಪಾರಿಗೆ ದುಡ್ಡು ಸಂದಾಯವಾಗಿ ಹಾಳೆಗಳು ಇಳಿದವು. ಕೊರೆಯುವ ಯಂತ್ರ ಮತ್ತೆ ಕಿರುಚಿಕೊಂಡಾಗ ಸರಿಸರಿಗೆ ಅದು ಸಂಗೀತದಂತೆ ಕೇಳಿಸಿತು.

"ಯಾವ ದುಡ್ಡು ಕೊಟ್ರಿ?" ಎಂದು ಕೇಳಿದ.

"ಬ್ಯಾಂಕಲ್ಲಿ ಇತ್ತಲ್ಲ ಸಾರ್, ಅದರಲ್ಲೇ."

"ಅಧ್ಯಕ್ಷರು ಯಂತ್ರಕ್ಕೆ ಅಂತ ಹೇಳಿದ್ರಲ್ಲ, ಸುಮ್ನೆ ಕೂತಿದೆ ಅಂತ, ಅದಾ?"

"ಅದು ಸುಮ್ನೆ ಕೂತಿಲ್ಲ ಸಾರ್" ಎಂದರು ಲೆಕ್ಕದವರು. ಇಷ್ಟು ವರ್ಷದಲ್ಲಿ ಮೊದಲ ಸಲ ಅವರ ಧ್ವನಿ ಪಿಸುಮಾತಿಗಿಂತ ಒಂದು ಮೆಟ್ಟಿಲು ಮೇಲೇರಿತು. "ಸರದಿಯಲ್ಲಿ ನಿಂತಿದೆ. ಬನ್ನಿ, ತೋರಿಸ್ತೀನಿ."

ಹಾಳೆ ಪೇರಿಸಿದ್ದ ಉಗ್ರಾಣಕ್ಕೆ ಕರೆದುಕೊಂಡು ಹೋದರು. ನಿನ್ನೆ ದುಡ್ಡಾಗಿದ್ದದ್ದು ಇವತ್ತು ಈ ಹಾಳೆ ಅಂದರು. ಬಿಲ್ಲೆಗಳು ತುಂಬಿದ ಟ್ರೇಗಳ ಹತ್ತಿರ, ಇದು ಅರ್ಧ ದಾರಿ ಬಂದ ಹಾಳೆ ಅಂದರು. ಅಲ್ಲಿಂದ ಗುಂಡಿ, ಗುಂಡಿಯಿಂದ ಪೆಟ್ಟಿಗೆ, ಪೆಟ್ಟಿಗೆ ಹೋಗಿ ಅಂಗಿ ಕಂಪನಿಯವರ ಬಾಗಿಲಲ್ಲಿ ಬಿಲ್ಲು, ಆ ಬಿಲ್ಲು ಎಂದೋ ಒಂದು ದಿನ ಮತ್ತೆ ದುಡ್ಡು. ಆ ದುಡ್ಡಿಗೆ ಮತ್ತೆ ಹಾಳೆ, ಸಂಬಳ. "ಹೀಗೆ ಸುತ್ತುತ್ತಾ ಇರುತ್ತಲ್ಲ, ಅದೇ ಸಾರ್ ದುಡಿಯುವ ಬಂಡವಾಳ. ಸುತ್ತು ನಿಂತರೆ ಇವತ್ತು ಮಧ್ಯಾಹ್ನ ಆಯ್ತಲ್ಲ, ಹಾಗೆ."

"ಯಂತ್ರ ತಗೊಂಡ್ರೆ?"

"ಅದೂ ಬಂಡವಾಳವೇ. ಆದ್ರೆ ಅದು ಬಂದು ಕೂತ್ರೆ ಏಳಲ್ಲ. ವರ್ಷಗಟ್ಟಲೆ ಸ್ವಲ್ಪ ಸ್ವಲ್ಪವಾಗಿ ಹಾಕಿದ್ದನ್ನ ವಾಪಸ್ ಕೊಡುತ್ತೆ. ನಾಳೆ ಹಾಳೆ ವ್ಯಾಪಾರಿ ಬಂದಾಗ ಯಂತ್ರದ ಒಂದು ಚಕ್ರ ಬಿಚ್ಚಿ ಕೊಡೋಕಾಗುತ್ತಾ?"

ಸರಿಸರಿಗೆ ಏನೋ ಹೊಳೆದ ಹಾಗಾಯಿತು. ಹೊಳೆದದ್ದು ಜಾರಿಹೋಗುವ ಮೊದಲು ಕೂತು ಯೋಚಿಸೋಣವೆಂದು ಕಿಟಕಿಯ ಪಕ್ಕದ ತನ್ನ ಸ್ಥಾನಕ್ಕೆ ಹೋಗಿ ಕೂತ. ಲೆಕ್ಕದವರು ಅವನ ಮೆತ್ತೆಯ ಅಂಚನ್ನು ಎತ್ತಿ, ಪೆಟ್ಟಿಗೆಯ ಮೇಲಿನ ಚೀಟಿ ಓದಿ, ಹಣೆ ಹಿಡಿದುಕೊಂಡರು.

"ಏನಾಯ್ತು?"

"ಎರಡು ತೂತಿನ ನೇರಳೆ ಬಣ್ಣದ್ದು. ಇದು ಎಲ್ಲಿ ಹೋಯ್ತು ಅಂತ ಮೂಲೆಮೂಲೆ ಹುಡುಕಿದೀನಿ ಸಾರ್. ಎಣಿಕೆಯಲ್ಲಿ ಸಿಗದೆ ಕೊನೆಗೆ ಅದನ್ನೇ 'ಇತರೆ'ಗೆ ಹಾಕಿದ್ದು." ಅವರಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. "ನೀವು ಕೂತಿರೋದೇ ದುಡಿಯುವ ಬಂಡವಾಳದ ಮೇಲೆ."

ಸರಿಸರಿ ಧಡಕ್ಕನೆ ಎದ್ದ. ಆಮೇಲೆ ಬೇರೆಲ್ಲೂ ಕೂರಲು ಜಾಗವಿಲ್ಲದ್ದರಿಂದ ಮೆಲ್ಲಗೆ ಮತ್ತೆ ಕೂತ.

ಸಭೆಯ ಹಿಂದಿನ ದಿನ ಯಂತ್ರದ ಏಜೆಂಟು ಮನೆಗೇ ಬಂದ. ಘಮಘಮಿಸುವ ಮನುಷ್ಯ. ಬಾಗಿಲಲ್ಲೇ, "ನಿರ್ದೇಶಕರ ಮನೆ ಇದೇ ಅಲ್ವಾ?" ಎಂದು ಎದುರುಮನೆಗೂ ಕೇಳಿಸುವಂತೆ ಕೂಗಿದ. ನಾಲ್ಕು ತೂತಿನ ಗುಂಡಿ ಹಾಕಿದ ಒಂದು ರೇಷ್ಮೆ ಅಂಗಿಯನ್ನು ಮೇಜಿನ ಮೇಲಿಟ್ಟ.

"ಸರ್, ಯಂತ್ರ ಬಂತು ಅಂದ್ರೆ ಕಂಪನಿಯ ಆಸ್ತಿ ಅಲ್ಲೇ ಜಾಸ್ತಿ ಆಗೋಯ್ತು. ಬ್ಯಾಲೆನ್ಸ್ ಶೀಟ್ ಉಬ್ಬಿಹೋಗುತ್ತೆ."

"ಯಂತ್ರಕ್ಕೆ ದುಡ್ಡು ಕೊಡ್ಬೇಕಲ್ವಾ?" ಅಂದಳು ಹೆಂಡತಿ.

"ಕೊಡ್ಬೇಕು ಮೇಡಂ."

"ದುಡ್ಡು ಹೋಯ್ತು, ಯಂತ್ರ ಬಂತು. ಉಬ್ಬಿದ್ದೇನು?"

ಏಜೆಂಟು ಅವಳನ್ನು ನೋಡಿ ನಕ್ಕ. ನಗುವುದನ್ನು ಮುಂದುವರಿಸಿದ. ಆಮೇಲೆ ಗಡಿಯಾರ ನೋಡಿಕೊಂಡ. ಸರಿಸರಿ ಅಂಗಿಯನ್ನು ಮಡಿಸಿ ಅವನ ಚೀಲಕ್ಕೇ ಹಾಕಿ ಕಳಿಸಿದ. "ಹಾಕ್ಕೊಂಡಾದ್ರೂ ನೋಡ್ಬಹುದಿತ್ತು" ಎಂದು ಭಾವಮೈದ ಅವನು ಹೋದ ದಾರಿಯನ್ನೇ ನೋಡುತ್ತ ಕೂತ.

ಬೆಳಿಗ್ಗೆ ಸರಿಸರಿ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕಾಗದವನ್ನು ಕೈಯಲ್ಲಿ ಹಿಡಿದು, ಗುಂಡಿ ಹಾಕಿಕೊಳ್ಳುತ್ತ ಬಾಯಿಪಾಠ ಮಾಡುತ್ತಿದ್ದ. ಒಂದು ಮಾತ್ರ ಇನ್ನೂ ಬಗೆಹರಿದಿರಲಿಲ್ಲ. ಎರಡೂ ಕಡೆ ಒಂದೇ ಏಕೆ? ಲೆಕ್ಕದವರು ಹೇಳಿದ್ದರು: ಈ ಕಡೆ ಕಂಪನಿಯ ಹತ್ತಿರ ಏನೇನಿದೆ ಅಂತ, ಆ ಕಡೆ ಅದು ಯಾರ ದುಡ್ಡಲ್ಲಿ ಬಂತು ಅಂತ. ಕೇಳಿದಾಗ ತಲೆಯಾಡಿಸಿದ್ದ. ಮನೆಗೆ ಬರುವಷ್ಟರಲ್ಲಿ ಮರೆತಿದ್ದ.

"ರೀ, ನಿಲ್ಲಿ. ಮತ್ತೆ ತಪ್ಪು" ಎಂದು ಹೆಂಡತಿ ಬಂದು ಅವನ ಎದೆಗೆ ಕೈಹಾಕಿದಳು. ಮೇಲೆ ಒಂದು ಗುಂಡಿ ಒಂಟಿಯಾಗಿ ಉಳಿದಿತ್ತು, ಕೆಳಗೆ ಒಂದು ಮನೆ ಖಾಲಿ ಬಾಯಿ ಬಿಟ್ಟಿತ್ತು. "ಈ ಕಡೆ ಎಷ್ಟು ಗುಂಡಿಯೋ ಆ ಕಡೆ ಅಷ್ಟೇ ಮನೆ ಇರುತ್ತೆ. ಕೊನೇಲಿ ಹೆಚ್ಚು ಕಮ್ಮಿ ಬಂತು ಅಂದ್ರೆ ಎಲ್ಲೋ ತಪ್ಪಿದೀರ ಅಂತ. ಎಷ್ಟು ಸಲ ಹೇಳೋದು ನಿಮಗೆ?"

ಸರಿಸರಿ ಹಾಗೇ ನಿಂತ. ಆಮೇಲೆ ಅವಳ ಎರಡೂ ಕೈ ಹಿಡಿದುಕೊಂಡು, "ಇನ್ನೊಂದು ಸಲ ಹೇಳೇ" ಅಂದ. ಇಷ್ಟು ವರ್ಷ ಸಂಸಾರ ಮಾಡಿದರೂ ಅವನು ಯಾವ ಮಾತನ್ನೂ ಎರಡನೇ ಸಲ ಕೇಳಿರಲಿಲ್ಲವಾದ್ದರಿಂದ ಹೆಂಡತಿಗೆ ನಾಚಿಕೆಯಾಯಿತು.

ಸಭೆಯಲ್ಲಿ ಅಧ್ಯಕ್ಷರು ಚೊಕ್ಕವಾಗಿ ವಿಷಯ ಮುಗಿಸಲು ನಿರ್ಧರಿಸಿ ಬಂದಿದ್ದರು.

"ಯಂತ್ರ ತಗೊಳ್ಳೋದು ಅಂತ ಬರ್ಕೊಳ್ಳೋಣ. ಸರಿ ತಾನೆ?" ಎಂದು ಸರಿಸರಿಯ ಕಡೆ ತಿರುಗಿ ಆಗಲೇ ಪೆನ್ನಿನ ಮುಚ್ಚಳ ತೆಗೆದರು.

"ಇಲ್ಲ" ಅಂದ ಸರಿಸರಿ.

ಅಧ್ಯಕ್ಷರು ಪೆನ್ನು ಕೊಡವಿ ನೋಡಿದರು, ತೊಂದರೆ ಅದರಲ್ಲೇ ಇದೆಯೇನೋ ಎಂಬಂತೆ. "ಸರಿ ಅಂದ್ರಲ್ಲ?"

"ಇಲ್ಲ ಅಂದೆ ಸಾರ್. ಸರಿ ಇಲ್ಲ." ಅವನು ಎದ್ದು ನಿಂತ. "ಹೋದ ಸಲ ನಾನು ಕೇಳಿದ್ದು ದಡ್ಡ ಪ್ರಶ್ನೆ. ಎರಡೂ ಕಡೆ ಒಂದೇ ಬಂತು ಅಂದ್ರೆ ಮೋಸಾನೂ ಅಲ್ಲ, ಸೊನ್ನೇನೂ ಅಲ್ಲ. ಇಲ್ಲಿ ನೋಡಿ." ಅಂಗಿಯ ಎರಡೂ ಅಂಚುಗಳನ್ನು ಹಿಡಿದು ತೋರಿಸಿದ. "ಈ ಕಡೆ ಗುಂಡಿ. ನಮ್ಮ ಹತ್ರ ಇರೋದು: ಹಾಳೆ, ಯಂತ್ರ, ದುಡ್ಡು, ನಿಮ್ಮ ಕಾರು. ಆ ಕಡೆ ಮನೆ. ಅದೆಲ್ಲ ಎಲ್ಲಿಂದ ಬಂತು ಅನ್ನೋದು: ಬ್ಯಾಂಕಿಂದು, ಹಾಳೆ ವ್ಯಾಪಾರಿದು, ನಮ್ಮ ನಿಮ್ಮ ಷೇರಿಂದು. ಎಲ್ಲಿಂದಲೋ ಬರದೆ ಇಲ್ಲಿ ಏನೂ ಇರೋಕಾಗಲ್ಲ. ಅದಕ್ಕೇ ಬಾಳೆ."

"ತಾಳೆ" ಎಂದು ಲೆಕ್ಕದವರು ಪಿಸುಗುಟ್ಟಿದರು.

"ಅದೇ. ತಾಳೆ. ಈಗ ಬ್ಯಾಂಕಿನ ದುಡ್ಡು ಈ ಎದೆಮೇಲಿನ ಗುಂಡಿ ಅಂದ್ಕೊಳ್ಳಿ. ಇದನ್ನ ಕಿತ್ತು ಕೆಳಗೆ ಯಂತ್ರ ಅಂತ ಹೊಲಿದ್ರಿ. ಗುಂಡಿ ಲೆಕ್ಕ ಅಷ್ಟೇ ಇರುತ್ತೆ. ಕಾಗದದಲ್ಲಿ ಯಾರಿಗೂ ಗೊತ್ತಾಗಲ್ಲ. ಆದ್ರೆ ಇಲ್ಲಿ—"

ತೋರಿಸುವ ಹುರುಪಿನಲ್ಲಿ ಗುಂಡಿಯನ್ನು ನಿಜವಾಗಿಯೇ ಎಳೆದ. ಅದು ಕಂಪನಿಯ ಸ್ವಂತ ಎರಡು ತೂತಿನ ಗುಂಡಿ. ಟಪ್ಪೆಂದು ಹಾರಿ ಅಕ್ಕನ ನೀರಿನ ಲೋಟದಲ್ಲಿ ಬಿತ್ತು. ಅಂಗಿ ಬಾಯಿ ತೆರೆಯಿತು. ಒಳಗಿದ್ದ ಬನಿಯನ್, ತನ್ನ ಹರಕುಗಳನ್ನೆಲ್ಲ ಇಷ್ಟು ದಿನ ಬಚ್ಚಿಟ್ಟುಕೊಂಡಿದ್ದದ್ದು, ಆಡಳಿತ ಮಂಡಳಿಯ ಮುಂದೆ ಹಾಜರಾಯಿತು. ಅದರಲ್ಲಿ ನಾಲ್ಕಕ್ಕಿಂತ ಹೆಚ್ಚು ತೂತುಗಳಿದ್ದವು.

"ಬಂಡವಾಳ ಬಯಲಾಯ್ತು" ಅಂದರು ಅಕ್ಕ.

ವಕೀಲರು ಮೊದಲು ನಕ್ಕರು. ಅಳಿಯ ಮಾವನ ಮುಖ ನೋಡಿ, ಮಾವ ನಕ್ಕ ಮೇಲೆ ನಕ್ಕ. ಸರಿಸರಿ ಮಾತ್ರ ನಗಲಿಲ್ಲ. ಅಂಗಿ ಮುಚ್ಚಿಕೊಳ್ಳಲೂ ಇಲ್ಲ. ಕಿವಿ ಕೆಂಪಾಗಿ, ಹರಕು ಬನಿಯನ್ನಿನ ಮೇಲೆ ಬೆರಳಿಟ್ಟು, "ಇದೇ ಸಾರ್ ನಾನು ಹೇಳೋದು" ಅಂದ. "ಮೊನ್ನೆ ಮಧ್ಯಾಹ್ನ ಹಾಳೆ ಬರ್ದೆ ಕಂಪನಿ ಹೀಗೇ ನಿಂತಿತ್ತು. ಆ ದುಡ್ಡು ಬ್ಯಾಂಕಲ್ಲಿ ಇಲ್ದೇ ಇದ್ದಿದ್ರೆ ಇನ್ನೂ ಹೀಗೇ ನಿಂತಿರ್ತಿತ್ತು. ಬಕೆಟ್ ಫ್ಯಾಕ್ಟರಿಯಲ್ಲಿ ಯಂತ್ರ ಇದೆ. ಬಕೆಟ್ ಮಾಡೋಕೆ ಪ್ಲಾಸ್ಟಿಕ್ ಇಲ್ಲ."

ನಗು ಒಂದೊಂದಾಗಿ ನಿಂತಿತು. ಅಧ್ಯಕ್ಷರು ಪೆನ್ನಿನ ಮುಚ್ಚಳ ಹಾಕಿದರು.

"ಹಾಗಾದ್ರೆ ಯಂತ್ರ ಬೇಡ ಬಿಡಿ" ಅಂದರು.

"ಯಾಕೆ ಬೇಡ?" ಎಂದು ಅಕ್ಕ ತಕ್ಷಣ ನೆಟ್ಟಗೆ ಕೂತರು. "ಅಂಗಿ ಕಂಪನಿಯವರೆಲ್ಲ ನಾಲ್ಕು ತೂತು ಕೇಳ್ತಿದಾರೆ. ತಗೊಳ್ಳಲೇಬೇಕು."

ಮತ್ತೆ ಆ ಕಡೆ ಎರಡು, ಈ ಕಡೆ ಎರಡು. ಮತ್ತೆ ಎಲ್ಲರೂ ಸರಿಸರಿಯ ಕಡೆ ತಿರುಗಿದರು.

"ಬೇಡ ಅಂತಲ್ಲಮ್ಮ. ಈ ದುಡ್ಡಲ್ಲಿ ಬೇಡ" ಅಂದ ಸರಿಸರಿ. ಮುಂದೇನೆಂದು ತಿಳಿಯದೆ ಲೆಕ್ಕದವರ ಕಡೆ ನೋಡಿದ. ಲೆಕ್ಕದವರು ಎದ್ದು, ಎಲ್ಲರಿಗೂ ಕೇಳಿಸುವ ಧ್ವನಿಯಲ್ಲಿ ಹೇಳಿದರು: ಯಂತ್ರ ವರ್ಷಗಟ್ಟಲೆ ದುಡಿಯುವಂಥದ್ದು, ಅದಕ್ಕೆ ವರ್ಷಗಟ್ಟಲೆ ತೀರಿಸುವ ಸಾಲವನ್ನೇ ಬ್ಯಾಂಕಿನಲ್ಲಿ ಕೇಳಬೇಕು. ಕೇಳುವ ಮುಂಚೆ ಅಂಗಿ ಕಂಪನಿಗಳಲ್ಲಿ ನಿಂತಿರುವ ಬಿಲ್ಲು ವಸೂಲಾಗಬೇಕು, ಮೂಲೆಯಲ್ಲಿ ಕೊಳೆಯುತ್ತಿರುವ ಹಳೆಯ ಮಾಲು ಸಿಕ್ಕಿದ ಬೆಲೆಗೆ ಹೋಗಬೇಕು. "ಬರೀ ಮೂಲೆಯಲ್ಲಷ್ಟೇ ಅಲ್ಲ" ಎಂದು ಸೇರಿಸಿ ಸರಿಸರಿಯ ಕಡೆ ನೋಡದೆ ಕೂತರು.

ಸರಿಸರಿ ಕೈ ಎತ್ತಿದ. ಎತ್ತಿದ ಕೈಯ ಕೆಳಗೆ ಬನಿಯನ್ನಿನ ಇನ್ನೊಂದು ಹರಕು ಕಾಣಿಸಿತು. ಈ ಸಲ ಯಾರೂ ಅದನ್ನು ನೋಡಲಿಲ್ಲ. ಅಕ್ಕನೂ ವಕೀಲರೂ ಕೈ ಎತ್ತಿದ್ದರಿಂದ ಲೆಕ್ಕದವರು ಹೇಳಿದಂತೆಯೇ ನಿರ್ಣಯವಾಯಿತು. ಅಕ್ಕ ಲೋಟದಿಂದ ಗುಂಡಿಯನ್ನು ಚಮಚದಲ್ಲಿ ಎತ್ತಿ, ಒರೆಸಿ, ಅವನ ಕೈಗೆ ಕೊಟ್ಟರು.

ಹಾಳೆ ವ್ಯಾಪಾರಿಗೆ ಬ್ಯಾಲೆನ್ಸ್ ಶೀಟು ಪ್ಲಾಸ್ಟಿಕ್ಕಿನದಲ್ಲವೆಂದು ಮನವರಿಕೆ ಮಾಡಿಕೊಡಲು ಲೆಕ್ಕದವರು ಅದರ ಒಂದು ಪ್ರತಿಯನ್ನೇ ಒಯ್ದು ಅವನ ಕೈಗಿತ್ತರು. ಅವನು ಅದನ್ನು ಬಗ್ಗಿಸಿ, ಬೆಳಕಿಗೆ ಹಿಡಿದು ನೋಡಿ, "ಇದು ನನ್ನ ಮಾಲಲ್ಲ" ಎಂದು ಒಪ್ಪಿಕೊಂಡು ಮತ್ತೆ ಮೊದಲಿನ ಹಾಗೆ ಸಾಲಕ್ಕೆ ಕೊಡತೊಡಗಿದ. ಉಗ್ರಾಣದವರ ಫ್ಯಾನು ಪ್ಯಾಕಿಂಗ್ ವಿಭಾಗದಲ್ಲೇ ಉಳಿಯಿತು. ಒಂದು ಬೆಳಿಗ್ಗೆ ಮಕ್ಕಳ ಬಟ್ಟೆ ಹೊಲಿಯುವ ಕಂಪನಿಯೊಂದರ ಗಾಡಿ ಬಂದು ನೇರಳೆ ಬಣ್ಣದ ಗುಂಡಿಗಳನ್ನೆಲ್ಲ ಕೊಂಡುಹೋಯಿತು.

ಸರಿಸರಿ ಬಂದಾಗ ಕಿಟಕಿಯ ಪಕ್ಕದಲ್ಲಿ ಬರೀ ಮೆತ್ತೆ ಬಿದ್ದಿತ್ತು. ಅದನ್ನು ಎತ್ತಿ ಬಗಲಲ್ಲಿಟ್ಟುಕೊಂಡು ಸುತ್ತ ನೋಡಿದ. ಉಳಿದ ಪೆಟ್ಟಿಗೆಗಳ ಮೇಲೆಲ್ಲ ಆಗಲೇ ವಿಳಾಸ ಅಂಟಿಸಿದ್ದರು. ಗೋಡೆಯಾಚೆ ಕೊರೆಯುವ ಯಂತ್ರ ಎಂದಿನಂತೆ ಅರಚುತ್ತಿತ್ತು. ಹಿರಿಯಕ್ಕ ಹತ್ತಿರ ಬಂದು, ಬಾಯಿಗೆ ಕೈ ಅಡ್ಡ ಹಿಡಿದು ಕೂಗಿದಳು:

"ಅಣ್ಣ, ಮುಂದಿನ ಸಲಾನೂ ನಿಂತ್ಕೋತೀರಾ?"

"ಇನ್ನೇನು ಮಾಡ್ಲಿ?" ಎಂದು ಸರಿಸರಿ ಅವಳಿಗಿಂತ ಜೋರಾಗಿ ಕೂಗಿದ. "ನಿಂತೇ ಇದೀನಲ್ಲ!"